ಮಲ್ಲವ್ವ ಕೂತ ಜಾಗ

ನಂಬದವರು ಬಂದು ನೋಡಲಿ. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮಗನ ಮನೆಯ ಬಾತ್‌ರೂಮಿನಲ್ಲಿ ನನ್ನ ಹೆಂಡತಿ ಮಲ್ಲವ್ವ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಯ ಎಲುಬು ಮುರಿದುಕೊಂಡಳು. ಡಾಕ್ಟರು ಸೊಂಟಕ್ಕೆ ಹೊಸ ಕೀಲು ಹಾಕಿದರು. ಚಕ್ಕಳಮಕ್ಕಳ ಹಾಕಿ ಕೂತರೆ ಕೀಲು ತಪ್ಪುತ್ತದೆ ಎಂದರು. ಅವಳು ಕುರ್ಚಿಯಲ್ಲಿ ಕೂತು ಲಿಂಗಪೂಜೆ ಮಾಡುತ್ತ, ಶಿವನೆದುರು ಕಾಲು ಇಳಿಬಿಟ್ಟೆನಲ್ಲ ಎಂದು ಅಳುತ್ತಿದ್ದಳು. ಅದೇ ಕೊರಗಿನಲ್ಲಿ ತೀರಿಕೊಂಡಳು.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ ಮಣ್ಣು ಮಾಡುತ್ತೇವೆ. ಮಗ ವಿರುಪಾಕ್ಷ, "ಅಪ್ಪಾ, ಈ ಸ್ಮಶಾನದವ್ರು ಒಪ್ಪವಲ್ರು. ಪೆಟ್ಟಿಗ್ಯಾಗ ಮಲಗಸಬೇಕಂತ" ಎಂದ.

"ನಿಮ್ಮವ್ವ ಏನ್ ಸಾಮಾನೇನಲೇ, ಪ್ಯಾಕ್ ಮಾಡಾಕ?" ಎಂದೆ.

ಮಲಗಿಸಿಯೇ ಹೂಳಿದರು. ಆ ಸಿಟ್ಟು ಇನ್ನೂ ಆರಿಲ್ಲ. ಶಿವನ ಮೇಲೂ ಇದೆ.

ಮರುದಿನದಿಂದ ನಾನು ಪೂಜೆಗೆ ಕೂತಾಗ ಪಕ್ಕದಲ್ಲಿ ಹಸಿಮಣ್ಣಿನ ತಂಪು ಸುಳಿಯುತ್ತದೆ. ಆಮೇಲೆ ಕಟಕ್ ಎಂದು ಕೀಲು ತಪ್ಪುವ ಸದ್ದು. ಕಾರ್ಪೆಟ್ಟು ತಗ್ಗಿ, ಒಂದು ಮೊಣಕಾಲಿನ ಗುರುತು ಮೂಡುತ್ತದೆ.

"ಮಾವಾರ, ಎಷ್ಟ್ ವ್ಯಾಕ್ಯೂಮ್ ಹೊಡದ್ರೂ ಹೋಗವಲ್ದ್ರೀ" ಎಂದಳು ಸೊಸೆ ಶ್ರೀದೇವಿ. ಆ ಕೋಣೆಗೆ ಬರುವುದನ್ನೇ ಬಿಟ್ಟಳು.

ಇವತ್ತು ಬೆಳಿಗ್ಗೆ ಸದ್ದು ಜೋರಾಗಿ ಬಂತು. ಈಗ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತಂತೆ ಎರಡೂ ಮೊಣಕಾಲುಗಳ ಗುರುತಿದೆ. ಕೈಯಿಟ್ಟು ನೋಡಿದೆ. ಆ ಜಾಗ ಬೆಚ್ಚಗಿತ್ತು.