ಯಜಮಾನರ ವಿಳಾಸದಿಂದ ಬಂದ ಒಪ್ಪಿಗೆ

ಚಿಕ್ಕಂದಿನಲ್ಲಿ ನಮ್ಮ ಕೊಳ್ಳೇಗಾಲದ ಮನೆಯಲ್ಲಿ ರೇಷ್ಮೆ ನೂಲು ಬೇಯಿಸುವಾಗ ಬರುತ್ತಿದ್ದ ವಾಸನೆ ಆ ಮಧ್ಯಾಹ್ನ ನನ್ನ ಮೊಬೈಲಿನಿಂದ ಬಂತು.

ತೀರಿಹೋದ ನಮ್ಮ ಯಜಮಾನರ ಇಮೇಲ್ ವಿಳಾಸದಿಂದ ಬರೆದರಷ್ಟೇ ಹಳೇ ಗಿರಾಕಿಗಳು ನಂಬಿ ಮದುವೆ ಸೀರೆಗಳಿಗೆ ಆರ್ಡರ್ ಕೊಡುತ್ತಿದ್ದರು. ನನ್ನ ಮೊಬೈಲಿನಿಂದಲೇ ಆ ವಿಳಾಸದಲ್ಲಿ ಬರೆಯಲು ಆಗುವಂತೆ ತಮ್ಮನ ಮಗಳು ಇಂಚರ ಅದನ್ನು ನನ್ನ ಇಮೇಲ್ ಖಾತೆಗೆ ಸೇರಿಸುತ್ತಿದ್ದಳು.

“ಒಪ್ಪಿಗೆ ಕೇಳೋ ಮೆಸೇಜು ಮಾವನ ಇಮೇಲ್‌ಗೇ ಓಗ್ಯದೆ ಅತ್ತೆ. ಅದರ ಪಾಸ್‌ವರ್ಡ್ ಏನು?”

“ಜೊತೇಲೇ ತಕಂಡೋದ್ರು ಕಣವ್ವಾ.”

“ಅಂಗಾದ್ರೆ ದೆವ್ವಾನೇ ಬಂದು ಒಪ್ಕೋಬೇಕು!” ಎಂದು ನಕ್ಕಳು.

ನಗು ಮುಗಿಯುವ ಮೊದಲೇ ಯಜಮಾನರ ವಿಳಾಸದಿಂದ ‘ಒಪ್ಪಿಗೆ ಸಿಕ್ಕಿದೆ’ ಎಂಬ ಸಂದೇಶ ಬಂತು. ಮೊಬೈಲು ಮಂಜುಗಡ್ಡೆಯಂತೆ ತಣ್ಣಗಿತ್ತು; ಯಜಮಾನರ ಬಟ್ಟೆಯಲ್ಲೂ ಸದಾ ಇರುತ್ತಿದ್ದ ಆ ನೂಲಿನ ವಾಸನೆ ಅದರಿಂದ ಬಂದದ್ದು ಆಗಲೇ. ಬದುಕಿದ್ದಾಗ ವಾರ ಕಳೆಯದೆ ಯಾರಿಗೂ ಉತ್ತರ ಬರೆದವರಲ್ಲ ಅವರು.

ಮನೆಯಲ್ಲಿದ್ದವರು ನಾವಿಬ್ಬರೇ. ಇಂಚರ ಎದ್ದು, ಮಾವನಿಗೆ ಬಿಪಿ ಇದ್ದದ್ದನ್ನು ನೆನೆದು ಉಪ್ಪಿನಕಾಯಿ ಬಿಟ್ಟು, ಮೂರನೇ ತಟ್ಟೆಗೆ ಅನ್ನ ಸಾರು ಬಡಿಸಿ ನನ್ನ ಕೈಗಿತ್ತಳು.