ಹಸಿರಿಗೆ ತಿರುಗಿದ ಪಟ್ಟಿ

ಶಿವಗಂಗಾಳನ್ನು ಮೊದಲು ಕಂಡಾಗ ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು. ವಾಡಿಯಲ್ಲಿ ಗೆಳೆಯನ ಮನೆಯ ವಾಸ್ತುಶಾಂತಿ. ಅವಳು ಚಹಾ ಒಲ್ಲೆ ಎಂದಳು, ಮೈಯೆಲ್ಲ ಆಮ್ಲವಾಗುತ್ತದಂತೆ. ನನಗೆ ನಗು ಬಂತು. ಅವಳು ನನ್ನ ಕಪ್ಪನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹುಬ್ಬೇರಿಸಿದಳು. ನಾನು ಕಪ್ಪನ್ನು ಹಾಗೇ ಕೆಳಗಿಟ್ಟೆ.

ನಾನು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಎಂದು ಗೊತ್ತಾದದ್ದೇ ಅವಳ ಮುಖ ಅರಳಿತು. ಆಮ್ಲ, ಕ್ಷಾರ ತೋರಿಸುವ ಕಾಗದದ ಪಟ್ಟಿ ನಿಮ್ಮ ಹತ್ತಿರ ಇರಬೇಕಲ್ಲ ಎಂದು ಕೇಳಿದಳು. ಇದೆ ಎಂದೆ. ಆ ಕಣ್ಣುಗಳಿಂದ ನೋಡುತ್ತ ಅವಳು ಕೇಳಿದ್ದರೆ ಕಾರ್ಖಾನೆಯ ಚಿಮಣಿಯನ್ನೂ ತರುತ್ತೇನೆ ಎನ್ನುತ್ತಿದ್ದೆ.

ಅವಳು ಶಹಾಬಾದಿನ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಇದ್ದವರು ತಂದೆ ರೇವಣಸಿದ್ದಯ್ಯ ಒಬ್ಬರೇ, ಅವರ ಕಿಡ್ನಿ ಸೋತಿತ್ತು. ದೇಹವನ್ನು ಕ್ಷಾರ ಮಾಡಿದರೆ ಯಾವ ರೋಗವೂ ನಿಲ್ಲದು ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಅವಳು ಗಟ್ಟಿಯಾಗಿ ನಂಬಿದ್ದಳು. ಮುದುಕರ ತಾಟಿನಲ್ಲಿ ಜೋಳದ ರೊಟ್ಟಿ ಮೂರರಿಂದ ಒಂದಕ್ಕೆ ಇಳಿಯಿತು. ಪಾಲಕ್, ಎಳನೀರು, ಬಾಳೆಹಣ್ಣು ಏರಿದವು.

ಪ್ರತಿ ರವಿವಾರ ನಾನು ಅವರ ಮನೆಗೆ ಪಟ್ಟಿ ಒಯ್ಯುತ್ತಿದ್ದೆ. ಲೋಕದ ಪ್ರೇಮಿಗಳು ಬೆಳದಿಂಗಳಲ್ಲಿ ಸೇರುತ್ತಾರೆ. ನಾವು ಮುದುಕರ ಮೂತ್ರದ ಶೀಶೆಯ ಮುಂದೆ ಸೇರುತ್ತಿದ್ದೆವು. ಅವಳು ಪಟ್ಟಿ ಅದ್ದಿ ಕಿಟಕಿಯ ಬೆಳಕಿಗೆ ಹಿಡಿಯುವಳು. ಬಣ್ಣ ಹೋಲಿಸುವ ನೆವದಲ್ಲಿ ನಾನು ತಲೆ ಹತ್ತಿರ ತರುವೆ. ಅವಳ ಜಡೆಯ ಮಲ್ಲಿಗೆ ನನ್ನ ಕಿವಿಗೆ ತಾಗುತ್ತಿತ್ತು.

"ಉಸಿರು ಬಿಡ್ರಿ ಸರ್, ಬಣ್ಣ ಎಲ್ಲೂ ಓಡಿ ಹೋಗಂಗಿಲ್ಲ," ಎಂದು ಅವಳು ಓರೆಗಣ್ಣಲ್ಲಿ ನಗುತ್ತಿದ್ದಳು.

ಒಂದು ರವಿವಾರ ಪಟ್ಟಿ ಹಸಿರಿಗೆ ತಿರುಗಿತು, ಆಮ್ಲ ಇಳಿದ ಗುರುತು. ಅವಳು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಸೊಪ್ಪು ತಿಂದರೆ ಮೂತ್ರದ ಬಣ್ಣ ಬದಲಾಗುತ್ತದೆ, ರಕ್ತದ ಆಮ್ಲ-ಕ್ಷಾರ ಮಾತ್ರ ಯಾರ ಊಟಕ್ಕೂ ಜಗ್ಗುವುದಿಲ್ಲ. ಇದು ನನಗೆ ಗೊತ್ತಿತ್ತು. ಹೇಳಿಬಿಟ್ಟರೆ ಮುಂದಿನ ರವಿವಾರ ಯಾವ ನೆಪದಲ್ಲಿ ಬರಲಿ? ಬಾಯಿಗೆ ಬೀಗ ಹಾಕಿಕೊಂಡೆ.

ಒಂದು ದಿನ ರೇವಣಸಿದ್ದಯ್ಯನವರು ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

"ತಮ್ಮಾ ಸಿದ್ಧಲಿಂಗ, ನೀ ಓದಿದಾಂವ. ಡಾಕ್ಟರ್ ಈ ಪಾಲಕ್ ತಪ್ಪಲಪಲ್ಯ, ಎಳನೀರು ಬ್ಯಾಡ ಅಂದಾರ. ಮಗಳು ತಿನ್ರಿ ಅಂತಾಳ. ಯಾರದು ಖರೇ?"

ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಟೀಚರ್ ಹೇಳೋದೇ ಖರೇರಿ ಕಾಕಾ," ಎಂದೆ.

ಶ್ರಾವಣದಲ್ಲಿ ಅವರು ಬಚ್ಚಲಲ್ಲಿ ಕುಸಿದು ಬಿದ್ದರು. ಕಲಬುರಗಿಯ ಆಸ್ಪತ್ರೆಗೆ ಒಯ್ದಾಗ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ತಾಳ ತಪ್ಪಿತ್ತು. ಸೋತ ಕಿಡ್ನಿಗೆ ಆ ಸೊಪ್ಪು, ಎಳನೀರೇ ವಿಷವಾಯಿತು ಎಂದು ಡಾಕ್ಟರು ಅವಳನ್ನು ಬೈದರು. ಜೀವ ಉಳಿಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಗಂಟುಬಿತ್ತು. ಬೈಗುಳವನ್ನೆಲ್ಲ ಅವಳೊಬ್ಬಳೇ ನುಂಗಿಕೊಂಡಳು, ನನ್ನ ಹೆಸರು ಎತ್ತಲಿಲ್ಲ. ಅದು ನನ್ನನ್ನು ಸುಟ್ಟಿತು.

ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಒಪ್ಪಿಕೊಂಡೆ. ಪಟ್ಟಿಯ ಬಣ್ಣಕ್ಕೆ ಅರ್ಥವಿಲ್ಲ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದೆ. ನಿಮ್ಮನ್ನು ಬಿಟ್ಟಿರಲಾಗದೆ ಸುಳ್ಳು ಹೇಳಿದೆ, ನಿಮ್ಮ ಮೇಲೆ ಜೀವ ಇಟ್ಟಿದ್ದೇನೆ ಎಂದೂ ಹೇಳಿದೆ. ಇಷ್ಟು ದಿನ ಕಾದಿಟ್ಟ ಮಾತು ಎಂಥ ಜಾಗದಲ್ಲಿ ಬಾಯಿಗೆ ಬಂತು ನೋಡಿ.

ಅವಳು ನನ್ನ ಕಡೆ ತಿರುಗಿದಳು.

"ಅವತ್ತ ಬಾಗಿಲದಾಗ ನಾ ಯಾಕ ನಿಂತಿದ್ದೆ ಗೊತ್ತೇನ್ರಿ? ನನಗೂ ಅನುಮಾನ ಬಂದಿತ್ತು. ನೀವು ಬ್ಯಾಡ ಅಂದಿದ್ರ ಅವತ್ತೇ ಎಲ್ಲಾ ಬಿಡತಿದ್ದೆ."

ಅವಳು ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಪಟ್ಟಿ ಇಲ್ಲಂದ್ರೂ ಬರ್ರಿ ಅಂತ ನಾನೇ ಕರೀತಿದ್ದೆ, ಸರ್. ಒಮ್ಮೆ ಕೇಳಿ ನೋಡಬೇಕಿತ್ತು."

"ಈಗ ಬರಲೇನ್ರಿ?"

ಅವಳು ಕಣ್ಣೊರೆಸಿಕೊಂಡು ಬೇಡವೆಂದು ತಲೆ ಅಲ್ಲಾಡಿಸಿದಳು. "ಅಪ್ಪ ನಿಮ್ಮನ್ನ ಭಾಳ ನಂಬ್ಯಾರ. ಅವರಿಗೆ ಇದು ಗೊತ್ತಾಗೋದು ಬ್ಯಾಡ. ನಿಮ್ಮನ್ನ ನೋಡಿದ್ರ ನನಗ ಮುಚ್ಚಿಡಲಿಕ್ಕ ಆಗಂಗಿಲ್ಲ."

ಅವಳು ಎದ್ದು ಒಳಗೆ ಹೋದಳು. ಅರ್ಧ ತೆರೆದ ಬಾಗಿಲಿನಿಂದ ಮುದುಕರು ನನ್ನನ್ನು ಕಂಡು, ನಳಿಕೆ ಚುಚ್ಚದ ಕೈ ಎತ್ತಿ ಬಾ ಎಂದು ಕರೆದರು. ಸಿದ್ಧಲಿಂಗ ಸರ್ ಅವರಿಗೆ ಡ್ಯೂಟಿ ಐತಿ, ಹೊಂಟಾರ ಎಂದು ಅವಳು ಹೇಳಿದ್ದು ನನಗೆ ಕೇಳಿಸಿತು. ನಾನು ಅವರಿಗೆ ಕೈಮುಗಿದು ಸ್ಟೇಷನ್ನಿನ ಹಾದಿ ಹಿಡಿದೆ. ಅವತ್ತು ನನಗೆ ರಜೆಯಿತ್ತು.