ತಗಡಿನಿಂದ ಕೆರೆದು ತೆಗೆದ ಹೆಸರು

೧೭೬೪ರ ಮಾರ್ಚ್ ಹತ್ತು, ಶನಿವಾರ ಮಧ್ಯಾಹ್ನ ವಾಲ್ಬುರ್ಗಾ ರೌಟ್ನರ್ ಆಗ್ಸ್‌ಬರ್ಗ್ ನಗರ ಠಾಣೆಗೆ ಬಂದು ದೂರು ಕೊಟ್ಟಳು. ಊಟದ ವೇಳೆ ಕೆಲಸಗಾರರು ಹೊರಗೆ ಹೋಗಿದ್ದಾಗ, ಆಕೆಯ ಗಂಡ, ಸಂಗೀತ ಪ್ರಕಾಶಕ ಮೆಲ್ಖಿಯರ್ ರೌಟ್ನರ್‌ನ ತಲೆಗೆ ಯಾರೋ ಮುದ್ರಣಶಾಲೆಯಲ್ಲೇ ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದು ಓಡಿಹೋಗಿದ್ದರು. ಆತನಿಗೆ ಪ್ರಜ್ಞೆ ಇರಲಿಲ್ಲ.

"ಯಾರ ಮೇಲೆ ಅನುಮಾನ?" ತನಿಖಾಧಿಕಾರಿ ಕ್ರೈಸ್ ಕೇಳಿದ.

"ಅನುಮಾನ ಏನ್ ಬಂತು? ಆ ವಿಧವೆ ಅಪೊಲೋನಿಯಾನೇ. ಹೋದ ವಾರ ಅಂಗಡಿ ಮುಂದೆ ನಿಂತು, ನಿನ್ ತಲೆ ಒಡೀತೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ್ಳು."

ಕ್ರೈಸ್ ಪ್ರಥಮ ವರ್ತಮಾನ ವರದಿ ಬರೆಸಿ, ಪೇದೆ ಯೋಸ್ಟ್‌ನೊಂದಿಗೆ ಸ್ಥಳಕ್ಕೆ ಹೋಗಿ ಪಂಚರ ಮುಂದೆ ಮಹಜರು ನಡೆಸಿದ. ಸೊನಾಟಾ ಎಂಬ ವಾದ್ಯಕೃತಿಗಳ ಹೊಸ ಸಂಪುಟದ ಮುಖಪುಟವನ್ನು ಅಚ್ಚು ಹಾಕುವ ತಾಮ್ರದ ತಗಡು ಮೇಜಿನ ಮೇಲಿತ್ತು. ಅದರಲ್ಲಿ ಕರ್ತೃವೆಂದು ಕೆತ್ತಿದ್ದ ಗಾಂಡೋಲ್ಫ್ ಪಿರ್ಕೆಲ್ ಎಂಬ ಹೆಸರನ್ನು ಕೆತ್ತುವ ಉಳಿಯಿಂದ ಕೆರೆದು ಹಾಕಲಾಗಿತ್ತು. ತಗಡಿನ ಅಂಚಿನಲ್ಲಿ ರಕ್ತ. ಕೆಳಗೆ ಉಳಿ. ಸ್ವರಗಳಿದ್ದ ತಗಡುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಪಕ್ಕದಲ್ಲೇ ಪಿರ್ಕೆಲ್‌ನ ನೃತ್ಯಸಂಗೀತದ ತಗಡು. ಅದರ ಮೇಲೂ ಅದೇ ಹೆಸರು, ಮುಟ್ಟದೆ ಹಾಗೇ ಉಳಿದಿತ್ತು.

ಅಪೊಲೋನಿಯಾಳನ್ನು ಠಾಣೆಗೆ ಎಳೆದು ತಂದರು.

"ತಲೆ ಒಡೀತೀನಿ ಅಂದಿದ್ದೆಯಾ?"

"ಅಂದಿದ್ದೆ. ಯಾರು ಒಡೆದ್ರೋ ಅವರ ಕೈ ತಣ್ಣಗಿರ್ಲಿ."

"ಯಾಕೆ ಅಷ್ಟು ಸಿಟ್ಟು?"

"ಆ ಸೊನಾಟಾಗಳು ನನ್ ಗಂಡ ಸೆವೆರಿನ್‌ದು. ಸತ್ತೋನ ಹೆಸರಿಗೆ ಗಿರಾಕಿ ಇಲ್ಲ ಅಂತ ರೌಟ್ನರ್ ಆ ಪಿರ್ಕೆಲ್ ಹೆಸರು ಕೆತ್ತಿಸಿದ."

"ಬಾಯಿ ನೋಡಿ ಸಾಹೇಬ್ರೆ," ಎಂದ ಯೋಸ್ಟ್. "ಗೋಪುರದ ಸೆರೆಕೋಣೆಗೆ ತಳ್ಳಿ, ತಾನೇ ಮೆತ್ತಗಾಗ್ತಾಳೆ."

"ಹೆಸರು ಕೆರೆದೋಳು ನೀನೇ ತಾನೆ?" ಕ್ರೈಸ್ ಆಕೆಯನ್ನು ಕೇಳಿದ.

"ನಾನಾಗಿದ್ರೆ ಆ ಅಂಗಡೀಲಿ ಪಿರ್ಕೆಲ್ ಅನ್ನೋ ಹೆಸರು ಎಲ್ಲೂ ಉಳೀತಿರ್ಲಿಲ್ಲ!"

ಕೆರೆಯುವಾಗ ಉಳಿ ಜಾರಿ ಕೈಗೆ ತಗಲಿರಬೇಕೆಂದು ಕ್ರೈಸ್ ಆಕೆಯ ಕೈಗಳನ್ನು ತಿರುಗಿಸಿ ನೋಡಿದ. ಗಾಯವಿರಲಿಲ್ಲ. ಆ ಹೆಸರನ್ನು ದ್ವೇಷಿಸುವವರು ಪಕ್ಕದ ತಗಡನ್ನೂ ಬಿಡುತ್ತಿರಲಿಲ್ಲ. ಈ ಒಂದು ಕೃತಿಯ ಮೇಲೆ ಮಾತ್ರ ಆ ಹೆಸರು ಬೇಡವಾಗಿದ್ದದ್ದು ಯಾರಿಗೆ?

ಪಿರ್ಕೆಲ್ ದೊಡ್ಡ ಚರ್ಚಿನ ಸಂಗೀತ ಮುಖ್ಯಸ್ಥ. ಕ್ರೈಸ್ ಮನೆಗೆ ಹೋಗಿ ತಟ್ಟಿದಾಗ ಬಾಗಿಲು ತೆಗೆದ ಅವನ ಎಡಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಬ್ರೆಡ್ ಕೊಯ್ಯುವಾಗ ಚಾಕು ತಾಗಿತು. ಅದನ್ನು ಕೇಳೋಕೆ ಪೊಲೀಸರು ಬರಬೇಕಾ?"

"ಬಿಚ್ಚಿ."

"ನಾನು ಯಾರು ಅಂತ ಗೊತ್ತಾ ನಿಂಗೆ?"

"ಗೊತ್ತು. ಬಿಚ್ಚಿ."

ಚಾಕು ಸೀಳಿದ ಗಾಯ ಅದಾಗಿರಲಿಲ್ಲ. ಚೌಕವಾಗಿ, ಆಳಕ್ಕೆ ಇಳಿದಿತ್ತು. ಕ್ರೈಸ್ ಮುದ್ರಣಶಾಲೆಯಲ್ಲಿ ಸಿಕ್ಕಿದ್ದ ನಾಲ್ಕು ಮೂಲೆಯ ಉಳಿಯನ್ನು ಜೇಬಿನಿಂದ ತೆಗೆದು ಪಕ್ಕಕ್ಕೆ ಹಿಡಿದ. ಗಾಯದ ಆಕಾರಕ್ಕೆ ಅದು ಸರಿಯಾಗಿ ಹೊಂದಿತು.

"ನಿಮ್ಮನ್ನ ಕೇಳದೆ ಹೆಸರು ಹಾಕಿದ್ರೆ ದೂರು ಕೊಡಬಹುದಿತ್ತಲ್ಲ?"

"ಕೊಟ್ಟು ಏನನ್ನಲಿ? ಇದು ನನ್ನದಲ್ಲ ಅಂತಾನಾ? ಮಾದರಿ ಹಾಳೆ ಹೊರಬಿದ್ದ ದಿನದಿಂದ ಸಿಕ್ಕಿದವರೆಲ್ಲ ಕೈ ಕುಲುಕ್ತಾರೆ. ಪಿರ್ಕೆಲ್, ಕೊನೆಗೂ ಒಂದು ಒಳ್ಳೇದು ಬರೆದ್ರಿ ಅಂತಾರೆ. ಕೊನೆಗೂ! ನಾನು ತಲೆಬಾಗಿಸಿ ಸುಮ್ನಿದ್ದೆ."

ಅವನನ್ನು ದಸ್ತಗಿರಿ ಮಾಡಿ ಕರೆತಂದಾಗ ಅಪೊಲೋನಿಯಾ ಬಿಡುಗಡೆಯಾಗಿ ಮೆಟ್ಟಿಲಿಳಿಯುತ್ತಿದ್ದಳು.

"ಕಲಿಯೋಕೆ ಬಂದಾಗ ನನ್ ಗಂಡನ್ನ ಬಾಗಿಲಲ್ಲೇ ನಿಲ್ಸಿ ಕಳಿಸಿದ್ರಿ," ಎಂದು ಅವನ ಕಾಲ ಬಳಿ ಉಗುಳಿದಳು.

ಕೋಣೆಗೆ ಬೀಗ ಹಾಕುವಾಗ ಯೋಸ್ಟ್ ಕೇಳಿದ: "ಹೆಸರು ಕೆರೆದ್ರಿ, ಸರಿ. ಆ ಮನುಷ್ಯನ ತಲೆ ಯಾಕೆ ಒಡೆದ್ರಿ?"

"ತಗಡುಗಳನ್ನೆಲ್ಲ ಒಡೆಯೋಕೆ ಅಂತಲೇ ಹೋಗಿದ್ದೆ. ಸುತ್ತಿಗೆ ಎತ್ತಿದೆ, ಕೈ ಬರಲಿಲ್ಲ. ಆ ಸಂಗೀತ ಅಷ್ಟು ಚೆನ್ನಾಗಿತ್ತು. ಹೆಸರನ್ನಷ್ಟೇ ಕೆರೆದೆ. ಅಷ್ಟರಲ್ಲಿ ರೌಟ್ನರ್ ಒಳಗೆ ಬಂದ. ನನ್ನನ್ನ ನೋಡ್ಲಿಲ್ಲ. ಆ ಸೊನಾಟಾದ ರಾಗಾನೇ ಗುನುಗ್ತಾ ಹೋಗ್ತಿದ್ದ." ಪಿರ್ಕೆಲ್ ಗೋಡೆಗೆ ಒರಗಿದ. "ಇಷ್ಟು ವರ್ಷ ನಂದು ಎಷ್ಟೊಂದು ಅಚ್ಚು ಹಾಕಿದ. ಒಂದನ್ನೂ ಅವನು ಗುನುಗಿದ್ದು ನಾನು ಕೇಳಿಲ್ಲ."